ಹರಾಜಿನವನ ಪಿಸುಮಾತು

ಫೆಬ್ರವರಿ 9

ಅಮ್ಮಾ,

ಕಾಗದವನ್ನು ‘ಇಲ್ಲಿ ಎಲ್ಲರೂ ಕ್ಷೇಮ’ ಎಂದೇ ಶುರುಮಾಡಬೇಕೆಂದು ಕಲಿಸಿದವಳು ನೀನು. ಈ ಸಲ ಮುಕ್ಕಾಲು ಕ್ಷೇಮದಿಂದ ಶುರುಮಾಡುತ್ತೇನೆ. ಉಳಿದ ಕಾಲುಭಾಗ ಹಿಂದಿನಿಂದ ಬಂದು ಸೇರಿಕೊಳ್ಳಲಿ.

ನಿನಗೆ ಮೊಮ್ಮಗಳು ಹುಟ್ಟಿದ್ದಾಳೆ. ಚಿಕ್ಕಮ್ಮನಿಗೆ ಫೋನ್ ಮಾಡಿ ಹೇಳಿದ್ದೆ. ಅವರು ನಿನ್ನ ಕಿವಿಯ ಹತ್ತಿರ ಏನು ಕೂಗಿದರೋ, ನೀನು ಏನು ಕೇಳಿಸಿಕೊಂಡೆಯೋ! ‘ಎರಡು ಮಗುವಂತೆ, ಒಂದು ತಿಂಗಳು ಮುಂಚೆಯಂತೆ ಅಂತ ಬೀದಿಗೆಲ್ಲ ಹೇಳ್ಕೊಂಡು ಬಂದ್ಲು ನಿಮ್ಮಮ್ಮ’ ಎಂದು ಅವರು ಮತ್ತೆ ಫೋನ್ ಮಾಡಿ ನಕ್ಕರು. ಒಂದೇ ಮಗು ಅಮ್ಮಾ. ಎರಡು ತಿಂಗಳು ಮುಂಚೆ. ಅದಕ್ಕೇ ಈ ಕಾಗದ. ಬರೆದದ್ದು ಅದಲುಬದಲಾಗುವುದಿಲ್ಲ.

ನಿನ್ನ ಸೊಸೆಗೆ ಬಿ.ಪಿ. ಏರಿತು, ಇನ್ನು ಕಾಯುವ ಹಾಗಿಲ್ಲ ಎಂದು ಆಪರೇಷನ್ ಮಾಡಿ ಮಗುವನ್ನು ತೆಗೆದರು. ಅವಳು ಮೂರನೇ ಮಹಡಿಯಲ್ಲಿ ಮಲಗಿದ್ದಾಳೆ, ಇನ್ನೂ ಎದ್ದು ಓಡಾಡುವಂತಿಲ್ಲ. ಮಗು ಮೊದಲ ಮಹಡಿಯಲ್ಲಿ ಬೆಚ್ಚನೆಯ ಗಾಜಿನ ಪೆಟ್ಟಿಗೆಯೊಳಗೆ. ನಾನು ಲಾಳಿಯ ಹಾಗೆ ಇಬ್ಬರ ನಡುವೆ ಮೆಟ್ಟಿಲು ಹತ್ತಿ ಇಳಿಯುತ್ತಿದ್ದೇನೆ. ಮಗು ನನ್ನ ಮುಂಗೈಯಷ್ಟು ಉದ್ದ ಇರಬಹುದು. ಉಗುರುಗಳಿವೆಯೋ ಇಲ್ಲವೋ ನೋಡಲು ಕನ್ನಡಕ ಬೇಕು. ಹೆಸರಿಡುವಷ್ಟು ಪುರುಸೊತ್ತು ಯಾರಿಗಿತ್ತು? ‘ಹೆಸರಿಲ್ಲ ಅಂದ್ರೆ ಹೆಸರುಕಾಳು’ ಎಂದು ಅಲ್ಲಿಯ ಸಿಸ್ಟರ್ ಕರೆದರು. ಅದೇ ನಿಂತಿದೆ.

ಹೆಸರುಕಾಳಿಗೆ ಚೀಪುವುದು, ನುಂಗುವುದು, ಉಸಿರಾಡುವುದು ಮೂರನ್ನೂ ಒಂದರ ಹಿಂದೊಂದು ಮಾಡಲು ಇನ್ನೂ ಬರುವುದಿಲ್ಲ. ಅದಕ್ಕೇ ತುಟಿಯ ಮೂಲೆಯಿಂದ ಹೊಟ್ಟೆಯವರೆಗೆ ಒಂದು ಸಪೂರ ನಳಿಕೆ ಹಾಕಿದ್ದಾರೆ. ನಿನ್ನ ಸೊಸೆ ಮೇಲೆ ಹಾಲು ಹಿಂಡಿ ಕೊಡುತ್ತಾಳೆ, ಅದು ಕೆಳಗೆ ಬಂದು ನಳಿಕೆಯಲ್ಲಿ ಇಳಿಯುತ್ತದೆ. ಅದನ್ನು ಕುಡಿಸುವವರು ಯಾರು ಗೊತ್ತೇ? ನಾವೇ. ಸಿಸ್ಟರ್ ಹೇಳಿದರು: ‘ಇಲ್ಲಿ ಹಾಲು ಕುಡಿಸೋದು ಅಪ್ಪ ಅಮ್ಮನ ಕೆಲಸ. ನಾವು ಕಲಿಸ್ತೀವಿ, ಪಕ್ಕದಲ್ಲೇ ನಿಂತಿರ್ತೀವಿ. ಮಗು ನಿಮ್ಮದು, ಕೈನೂ ನಿಮ್ಮದೇ ಇರಲಿ.’

ಮೊದಲು ನಳಿಕೆ ಹೊಟ್ಟೆಯಲ್ಲೇ ಇದೆಯೇ ಎಂದು ಪರೀಕ್ಷೆ ಮಾಡಬೇಕು. ಒಂದು ತೊಟ್ಟು ಹಿಂದಕ್ಕೆ ಎಳೆದು ಕಾಗದದ ಪಟ್ಟಿಗೆ ತಾಗಿಸಿದರೆ ಬಣ್ಣ ಬದಲಾಗುತ್ತದೆ. ಆಮೇಲೆ ಸಿರಿಂಜಿನ ಹಿಡಿಯನ್ನು ತೆಗೆದಿಟ್ಟು, ಬರೀ ಕೊಳವೆಯನ್ನು ನಳಿಕೆಗೆ ಸಿಕ್ಕಿಸಿ ಹಾಲು ಸುರಿಯುವುದು. ಒತ್ತುವ ಹಾಗಿಲ್ಲ, ತಾನಾಗಿಯೇ ಇಳಿಯಬೇಕು. ಮೇಲೆತ್ತಿದರೆ ಬೇಗ, ಕೆಳಗಿಳಿಸಿದರೆ ನಿಧಾನ. ಇಷ್ಟೇ. ದಿನಾ ಬೆಳಗ್ಗೆ ತರಕಾರಿ ಮಂಡಿಯಲ್ಲಿ ನಿಂತು ರೇಟು ಏರಿಸಿ ಇಳಿಸುವ ಹರಾಜಿನವನಿಗೆ ಇದೇನು ಮಹಾ!

ನಾಳೆ ಸಿರಿಂಜು ನನ್ನ ಕೈಗೆ. ನೀನು ಯಾವಾಗ ಬರುತ್ತೀಯ?

ನಿನ್ನ ಮಗ
(ಈಗ ಒಬ್ಬಳ ಅಪ್ಪ)


ಫೆಬ್ರವರಿ 14

ಒಬ್ಬಳ ಅಪ್ಪನಿಗೆ,

ಕಾಗದ ಓದಿ ಚಿಕ್ಕಮ್ಮನನ್ನು ಎರಡು ಮಾತು ಬೈದೆ. ಬೀದಿಯವರು ಅವಳಿ ಮಕ್ಕಳಿಗೆಂದು ಆಗಲೇ ಬಟ್ಟೆ ತಂದುಕೊಟ್ಟಿದ್ದರು, ಅರ್ಧ ವಾಪಸ್ ಕೊಟ್ಟುಬಂದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯಬಾರದು ಎಂದು ನಾನು ಸುಮ್ಮನಿದ್ದರೆ, ಈ ಹುಡುಗಿ ಕುಲಾವಿಗೂ ಮುಂಚೆ ಬಂದುಬಿಟ್ಟಳಲ್ಲ! ಇರಲಿ. ಆತುರಗಾತಿ ಎನ್ನಬೇಡ, ಚುರುಕು ಎನ್ನು. ನಮ್ಮ ಮನೆಯಲ್ಲಿ ಚುರುಕಿನವರು ಯಾರೂ ಇರಲಿಲ್ಲ, ಒಬ್ಬಳು ಬಂದಳು.

ನಳಿಕೆಯ ವಿಷಯ ಎರಡು ಸಲ ಓದಿಕೊಂಡೆ. ಚಿಕ್ಕಮ್ಮ ಕಣ್ಣೀರು ಹಾಕಿದಳು, ನನಗೆ ಅಷ್ಟು ಭಯವಾಗಲಿಲ್ಲ. ದಾರದಷ್ಟು ಸಪೂರವಾದದ್ದನ್ನು ಹಿಡಿದು ಬದುಕಿದವಳು ನಾನು. ಆದರೆ ನಿನ್ನ ಜಂಭ ನೋಡಿ ಭಯವಾಯಿತು. ‘ಇದೇನು ಮಹಾ’ ಎಂದವನ ಮಗ್ಗದಲ್ಲೇ ಎಳೆ ಕಡಿಯುವುದು. ನಿಧಾನ.

ಒಂದು ಕೇಳುತ್ತೇನೆ, ನೋಡಿ ಬರೆ. ಅವಳು ಕೈಯಿಂದ ಏನು ಮಾಡುತ್ತಾಳೆ? ಮುಷ್ಟಿ ಹಿಡಿಯುತ್ತಾಳೋ, ಬೆರಳು ಬಿಡಿಸುತ್ತಾಳೋ? ಮಾತು ಬಾರದವರು ಕೈಯಲ್ಲಿ ಮಾತಾಡುತ್ತಾರೆ. ಬಟ್ಟೆ ಗಿರಣಿಯ ಸದ್ದಿನಲ್ಲಿ ನಾವೆಲ್ಲ ಹಾಗೇ ಮಾತಾಡಿಕೊಂಡೆವು.

ಬರುವ ವಿಷಯ. ನಾನು ಎಳೆ ಕಟ್ಟುವ ಶೆಡ್ಡಿನಲ್ಲಿ ಈಗ ಮಗ್ಗಕ್ಕೆ ಹೊಸ ನೂಲಿನ ಹಾಸು ಏರಿಸಿದ್ದಾರೆ, ನಾನಿಲ್ಲದೆ ಆಗುವುದಿಲ್ಲ. ನೋಡೋಣ. ಸೊಸೆಗೆ ಹೊಟ್ಟೆ ತುಂಬ ಊಟ ಹಾಕು. ಅವಳು ಬೇಡ ಎಂದರೆ ಬೇಡ ಎಂದು ತಿಳಿಯಬೇಡ, ಅವಳದು ಯಾವತ್ತೂ ಮೊದಲ ಸಲದ ಬೇಡ, ಎರಡನೇ ಸಲ ಬಡಿಸಿದರೆ ತಿನ್ನುತ್ತಾಳೆ.

ಅಮ್ಮ


ಫೆಬ್ರವರಿ 20

ಅಮ್ಮಾ,

ಮಗುವಿನ ತೂಕ ಸ್ವಲ್ಪ ಏರಿದೆ. ನಿನ್ನ ಸೊಸೆ ಈಗ ಎದ್ದು ಓಡಾಡುತ್ತಾಳೆ, ಕೆಳಗೆ ಬಂದು ಅವಳೇ ಹಾಲು ಕುಡಿಸುತ್ತಾಳೆ. ಮಂಡಿಯಲ್ಲಿ ಕೆಲಸ ಜಾಸ್ತಿ. ಟೊಮೆಟೊ ಲೋಡು ಮೇಲಿಂದ ಮೇಲೆ ಬರುತ್ತಿದೆ, ಆದ್ದರಿಂದ ನನಗೆ ಮಂಡಿಯ ಕೆಲಸ ಬಿಟ್ಟು ಆಸ್ಪತ್ರೆಯಲ್ಲಿ ಹೆಚ್ಚು ಹೊತ್ತು ಇರಲು ಆಗುತ್ತಿಲ್ಲ. ಕೈಯಿಂದ ಏನು ಮಾಡುತ್ತಾಳೆ ಎಂದು ಸರಿಯಾಗಿ ನೋಡಿಲ್ಲ. ಮಂಡಿಯ ಕೆಲಸ ಮುಗಿದ ಮೇಲೆ ಬರೆಯುತ್ತೇನೆ.

ನಿನ್ನ ಮಗ


ಫೆಬ್ರವರಿ 25

ಮಗಳೇ,

ಹೇಗಿದ್ದೀಯ? ಹೊಲಿಗೆ ಹಾಕಿದ ಜಾಗ ಎಳೆಯುತ್ತದೆಯೇ? ಏಳುವಾಗ ಮಗ್ಗುಲಾಗಿ ಏಳು, ಒಮ್ಮೆಲೇ ನೆಟ್ಟಗೆ ಏಳಬೇಡ.

ಈ ಕಾಗದ ನಿನಗೆ ಮಾತ್ರ. ಅವನು ಬರೆದದ್ದು ಬಂತು. ಕೂಗುವಷ್ಟೇ ಉದ್ದ ಬರೆಯುವವನು ಅಂಗೈಯಗಲ ಬರೆದಿದ್ದಾನೆ, ಅಷ್ಟರಲ್ಲೇ ಮೂರು ಸಲ ಮಂಡಿ, ಮಂಡಿ, ಮಂಡಿ. ಟೊಮೆಟೊ ಲೋಡು ಇವನು ಹುಟ್ಟುವ ಮುಂಚಿನಿಂದಲೂ ಬರುತ್ತಿದೆ. ನಾನು ಕಿವುಡಿ, ಕುರುಡಿಯಲ್ಲ. ಏನಾಯಿತು ಅಲ್ಲಿ? ಮಗು ಚೆನ್ನಾಗಿದೆ ತಾನೇ? ಮುಚ್ಚಿಡದೆ ಬರೆ.

ನಿನ್ನ ಅತ್ತೆ


ಮಾರ್ಚ್ 1

ಅತ್ತೆ,

ಮಗು ಚೆನ್ನಾಗಿದ್ದಾಳೆ, ಅದನ್ನು ಮೊದಲು ಹೇಳಿಬಿಡುತ್ತೇನೆ. ಚೆನ್ನಾಗಿಲ್ಲದವರು ನಿಮ್ಮ ಮಗ.

ಅವರು ಮೊದಲ ದಿನ ಸಿರಿಂಜು ಹಿಡಿದಾಗ ನಾನಿನ್ನೂ ಮೇಲೆ ಮಲಗಿದ್ದೆ. ಸಿಸ್ಟರ್ ಆಮೇಲೆ ಹೇಳಿದರು. ಎಲ್ಲ ಸರಿಯಾಗಿಯೇ ಮಾಡಿದರಂತೆ. ಕೈ ನಡುಗಲಿಲ್ಲ, ಹಾಲು ಚೆಲ್ಲಲಿಲ್ಲ. ಕೊಳವೆಯಲ್ಲಿ ಹಾಲು ಇಳಿಯುವುದನ್ನು ಕಂಡು ಸಂತೋಷ ತಡೆಯಲಾರದೆ, ‘ಹೋಯ್ತು! ಹೋಯ್ತು! ಎರಡು ಎಂಎಲ್ ಹೋಯ್ತು!’ ಎಂದು ಕೂಗಿಬಿಟ್ಟರಂತೆ. ಅವರ ದನಿ ನಿಮಗೆ ಗೊತ್ತಲ್ಲ. ಆ ಕೋಣೆಯಲ್ಲಿ ಗೋಡೆಗಳ ಮೇಲೆಲ್ಲ ‘ಮೆಲ್ಲಗೆ ಮಾತಾಡಿ’ ಎಂದು ಬರೆದಿದೆ, ಬಾಗಿಲಿಗೂ ರಬ್ಬರು ಅಂಟಿಸಿದ್ದಾರೆ. ಸಾಲಿನಲ್ಲಿದ್ದ ಎಲ್ಲ ಮಕ್ಕಳೂ ಬೆಚ್ಚಿಬಿದ್ದವು. ಎಲ್ಲ ಪೆಟ್ಟಿಗೆಗಳ ಎಚ್ಚರಿಕೆಯ ಗಂಟೆಯೂ ಹೊಡೆದುಕೊಂಡಿತು. ನಮ್ಮವಳು ಎರಡೂ ಕೈ ಚಾಚಿ, ಉಸಿರು ಹಿಡಿದು, ನೀಲಿಗಟ್ಟಿಬಿಟ್ಟಳು. ಸಿಸ್ಟರ್ ಸಿರಿಂಜು ಇಳಿಸಿ ಬೆನ್ನು ಸವರಿದ ಮೇಲೆ ಉಸಿರು ತಿರುಗಿತು. ಇಷ್ಟು ಹಗುರದ ಮಕ್ಕಳು ಹೀಗೆ ಉಸಿರು ಮರೆಯುವುದು ಉಂಟಂತೆ, ಅವರಿಗೆ ಅಭ್ಯಾಸ. ‘ಅಪ್ಪಾ, ಇದು ಮಂಡಿ ಅಲ್ಲ’ ಎಂದು ನಕ್ಕುಕೊಂಡೇ ಹೇಳಿದರಂತೆ.

ಅವರು ನಗಲಿಲ್ಲ. ಅವತ್ತಿನಿಂದ ಮಗುವನ್ನು ಮುಟ್ಟಿಲ್ಲ ಅತ್ತೆ. ಮೂರನೇ ಮಹಡಿಯಿಂದ ಹಾಲಿನ ಬಾಟಲಿ ತಂದು ಬಾಗಿಲಲ್ಲಿ ಕೊಟ್ಟು ಓಡುತ್ತಿದ್ದರು. ವಾರ್ಡಿನವರು ‘ಹಾಲಿನಣ್ಣ’ ಎಂದೇ ಕರೆಯುತ್ತಾರೆ. ಈಗ ನಾನು ಎದ್ದಿದ್ದೇನೆ, ಹಾಲು ತರುವ ಕೆಲಸವೂ ಇಲ್ಲ. ಕಾರಿಡಾರಿನ ಕಿಟಕಿಯಲ್ಲಿ ನಿಂತು ನೋಡಿ ಹೋಗುತ್ತಾರೆ. ಒಳಗೆ ಬನ್ನಿ ಎಂದರೆ, ‘ನನ್ನ ಗಂಟಲೇ ಅವಳಿಗೆ ಆಗಲ್ಲ, ನೀನೇ ಇರು’ ಎನ್ನುತ್ತಾರೆ. ಗ್ರಂಥಾಲಯದಲ್ಲಿ ಕೆಲಸ ಮಾಡುವವಳು ಹರಾಜು ಕೂಗುವವನನ್ನು ಕಟ್ಟಿಕೊಂಡೆ ಎಂದು ಎಲ್ಲರೂ ತಮಾಷೆ ಮಾಡುತ್ತಿದ್ದರು. ನನಗೆ ಆ ದನಿ ಮನೆಯಲ್ಲಿ ಇಲ್ಲದಿದ್ದರೆ ಊಟ ಸೇರುವುದಿಲ್ಲ.

ಇನ್ನೊಂದು ವಿಷಯ. ಅವಳು ಬಾಯಿಂದ ಪೂರ್ತಿ ಕುಡಿಯುವವರೆಗೂ ಆಸ್ಪತ್ರೆಯಲ್ಲೇ ಇರಬೇಕೆಂದಿಲ್ಲ. ನಳಿಕೆಯ ಸಮೇತ ಮನೆಗೆ ಕಳಿಸುತ್ತಾರೆ, ಸಿಸ್ಟರ್ ಮನೆಗೆ ಬಂದು ನೋಡಿಹೋಗುತ್ತಾರೆ. ಆದರೆ ಮನೆಯಲ್ಲಿ ಇಬ್ಬರಿಗೆ ಕುಡಿಸಲು ಬರಲೇಬೇಕು. ಒಬ್ಬರು ಹುಷಾರು ತಪ್ಪಿದರೆ ಇನ್ನೊಬ್ಬರು ಇರಬೇಕಲ್ಲ. ನಾನೊಬ್ಬಳು ಆಯಿತು. ಇನ್ನೊಬ್ಬರು ಕಿಟಕಿಯಲ್ಲಿದ್ದಾರೆ.

ನಿಮ್ಮ ಸೊಸೆ


ಮಾರ್ಚ್ 6

ಮಗನೇ,

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಮಗುವಿನ ಕೈ ಬಗ್ಗೆ ಕೇಳಿದರೆ ನೀನು ಟೊಮೆಟೊ ಬಗ್ಗೆ ಬರೆದೆ. ಎಲ್ಲ ತಿಳಿಯಿತು. ಯಾರು ಹೇಳಿದರು ಎಂದು ಕೇಳಬೇಡ, ಅವಳ ಮೇಲೆ ಮುಖ ಊದಿಸಿಕೊಂಡೆಯೋ ನೋಡು.

ನಿನ್ನ ಗಂಟಲು ನಿನ್ನ ತಪ್ಪಲ್ಲ ಕಣೋ. ಅದು ನನ್ನ ಕಿವಿಯಿಂದ ಬಂದದ್ದು. ನೀನು ಹುಟ್ಟುವ ಹೊತ್ತಿಗೇ ಗಿರಣಿ ನನ್ನ ಒಂದು ಕಿವಿ ತಿಂದಿತ್ತು, ನೀನು ನಡೆಯುವ ಹೊತ್ತಿಗೆ ಇನ್ನೊಂದರಲ್ಲೂ ಮುಕ್ಕಾಲು ಹೋಯಿತು. ನೀನು ಹಿಂದಿನಿಂದ ‘ಅಮ್ಮ’ ಎನ್ನುತ್ತಿದ್ದೆಯಂತೆ, ನಾನು ತಿರುಗುತ್ತಿರಲಿಲ್ಲವಂತೆ. ಮತ್ತೆ ಕರೆದೆ. ಇನ್ನೂ ಜೋರಾಗಿ ಕರೆದೆ. ಒಂದು ದಿನ ನಾನು ತಿರುಗಿದೆ. ನನಗೆ ಚೆನ್ನಾಗಿ ನೆನಪಿದೆ, ಪಾತ್ರೆ ತೊಳೆಯುತ್ತಿದ್ದೆ, ತಿರುಗಿದರೆ ನೀನು ಬಾಗಿಲಲ್ಲಿ ಕೆಂಪಗಾಗಿ ನಿಂತಿದ್ದೆ. ನೀನು ಕರೆದದ್ದು ನಾನು ಕೇಳಿದ್ದು ಅದೇ ಮೊದಲು. ಆವತ್ತಿನಿಂದ ನೀನು ದನಿ ಇಳಿಸಲೇ ಇಲ್ಲ. ಇಳಿಸಿದರೆ ಅಮ್ಮ ತಿರುಗುವುದಿಲ್ಲ ಎಂದು ನಿನಗೆ ಗೊತ್ತಿತ್ತು. ಪಾಪ, ಇಷ್ಟೇ ಇಷ್ಟುದ್ದ ಇದ್ದೆ.

ಆ ಗಂಟಲಿನಿಂದಲೇ ಅನ್ನ ಸಂಪಾದಿಸಿದೆ, ನಾನು ಹೆಮ್ಮೆಪಟ್ಟೆ. ಈಗ ಅದೇ ಗಂಟಲು ಹಿಡಿದುಕೊಂಡು ಕಿಟಕಿಯಲ್ಲಿ ನಿಂತರೆ ನನಗೆ ಹೊಟ್ಟೆ ಉರಿಯುತ್ತದೆ. ಅಪ್ಪನಾಗಲು ಬಾಯಿಯೇ ಬೇಕೆಂದು ಯಾರು ಹೇಳಿದರು? ಬಾಯಿ ಮುಚ್ಚು, ಕೈ ತೊಳೆದುಕೋ, ಒಳಗೆ ಹೋಗು.

ಅಮ್ಮ


ಮಾರ್ಚ್ 15

ಅಮ್ಮಾ,

ಹೋದೆ. ಬಾಯಿ ಮುಚ್ಚಿಕೊಂಡು, ಕೈ ತೊಳೆದುಕೊಂಡು, ಮೇಲೊಂದು ಮಾಸ್ಕು ಬೇರೆ ಬಿಗಿದುಕೊಂಡು. ನಿನ್ನ ಸೊಸೆ ಮಗುವನ್ನು ಎದೆಗೊರಗಿಸಿಕೊಂಡು ಕೂತಿದ್ದಳು, ನಾನು ಕೊಳವೆ ಹಿಡಿದೆ. ಹಾಲು ಇಳಿದು ಮುಗಿಯಿತು, ನಾನು ತುಟಿ ಪಿಟಕ್ ಎನ್ನಲಿಲ್ಲ. ಗೆದ್ದೆ ಎಂದುಕೊಂಡೆ.

ಸಿಸ್ಟರ್ ಸೊಂಟದ ಮೇಲೆ ಕೈ ಇಟ್ಟರು. ‘ಯಾಕಪ್ಪಾ, ಹಲ್ಲುನೋವಾ? ಮಾತಾಡಿ ಅವಳ ಹತ್ರ. ಜೋರು ಬೇಡ ಅಂದೆ, ಮಾತೇ ಬೇಡ ಅಂದೆನಾ? ಹೊಟ್ಟೇಲಿದ್ದಾಗಿಂದ ಕೇಳಿರೋ ದನಿ ಅದು. ಅದೆಲ್ಲೋಯ್ತು ಅಂತ ಅವಳು ಹುಡುಕಲ್ವಾ?’

ಅಮ್ಮಾ, ಮೆಲ್ಲಗೆ ಮಾತಾಡಲು ನನಗೆ ಬರುವುದಿಲ್ಲ. ನಿಜವಾಗಿಯೂ ಬರುವುದಿಲ್ಲ. ಪ್ರಯತ್ನಪಟ್ಟರೆ ಸೈಕಲ್ ಟ್ಯೂಬಿನಿಂದ ಬರುವ ಹಾಗೆ ಬರೀ ಗಾಳಿ ಬಂತು, ಇಲ್ಲವೇ ಪೂರ್ತಿ ಮಂಡಿಯ ದನಿಯೇ ಬಂತು. ನಡುವೆ ಏನೂ ಇಲ್ಲ. ಹರಾಜು ಮುಗಿದ ಮೇಲೆ ಕುಂಬಳಕಾಯಿ ರಾಶಿಯ ಹಿಂದೆ ಕೂತು ಅಭ್ಯಾಸ ಮಾಡಿದೆ. ಮೂಟೆ ಹೊರುವವನು ಬಂದು, ‘ಏನಣ್ಣಾ, ಕುಂಬಳಕಾಯಿ ಜೊತೆ ಗುಟ್ಟು? ಮನೇಲಿ ಗೊತ್ತಾ?’ ಎಂದ. ಮಂಡಿಯೆಲ್ಲ ನಕ್ಕಿತು. ನಗಲಿ ಬಿಡು.

ಕೊನೆಗೆ ಸಿಸ್ಟರೇ ದಾರಿ ತೋರಿಸಿದರು. ನನ್ನ ಶರ್ಟಿನ ಗುಂಡಿ ಬಿಚ್ಚಿಸಿ, ಒರಗು ಕುರ್ಚಿಯಲ್ಲಿ ಕೂರಿಸಿ, ಹೆಸರುಕಾಳನ್ನು ನನ್ನ ಬರಿಯ ಎದೆಯ ಮೇಲೆ ಮಲಗಿಸಿ ಹೊದಿಸಿದರು. ‘ಈಗ ಗಂಟಲಿಂದ ಬೇಡ, ಎದೆಯಿಂದ ಮಾತಾಡಿ. ಕಿವಿಗೆ ಬೇಡ, ಮೈಗೆ ಕೇಳಲಿ’ ಎಂದರು. ಏನು ಮಾತಾಡುವುದು? ನನಗೆ ಬರುವುದು ಒಂದೇ. ಬದನೆ, ಬೆಂಡೆ, ಹೀರೆ, ಮೂಲಂಗಿ, ಕೋಸು ಎಂದು ಹೇಳುತ್ತಾ ಹೋದೆ. ರೇಟು ಹೇಳಲಿಲ್ಲ. ಎಲೆಕೋಸಿನ ಹೊತ್ತಿಗೆ ಅವಳು ಕಣ್ಣು ಬಿಟ್ಟಳು, ಹೂಕೋಸಿನ ಹೊತ್ತಿಗೆ ನಿದ್ದೆಹೋದಳು. ನಾನು ಅತ್ತುಬಿಟ್ಟೆ ಅಮ್ಮಾ. ಸದ್ದಿಲ್ಲದೆ ಅಳುವುದೂ ಆವತ್ತೇ ಬಂತು.

ಈಗ ದಿನವೂ ಮಧ್ಯಾಹ್ನದ ಹಾಲು ನನ್ನದು. ಹಾಲು ಇಳಿಯುವಾಗ ನಿನ್ನ ಸೊಸೆ ಕಿರುಬೆರಳನ್ನು ಮಗುವಿನ ಬಾಯಿಗೆ ಕೊಡುತ್ತಾಳೆ. ಚೀಪಿದರೆ ಹೊಟ್ಟೆ ತುಂಬುತ್ತದೆ ಎಂದು ಅವಳಿಗೆ ಗೊತ್ತಾಗಲಿ ಎಂದು. ನೀನು ಕೇಳಿದ್ದೆಯಲ್ಲ, ಕೈ. ನೋಡಿದೆ. ಹಾಯಾಗಿದ್ದರೆ ಬೆರಳು ಮಡಿಚಿ ಗಲ್ಲದ ಕೆಳಗೆ ಇಟ್ಟುಕೊಳ್ಳುತ್ತಾಳೆ. ಜಾಸ್ತಿಯಾದರೆ ಐದೂ ಬೆರಳು ಬಿಡಿಸಿ ಮುಂದಕ್ಕೆ ಚಾಚುತ್ತಾಳೆ. ಅದಕ್ಕೆ ‘ಸಾಕು, ನಿಲ್ಲಿಸು’ ಎಂದರ್ಥ ಎಂದು ಸಿಸ್ಟರ್ ಹೇಳಿದರು. ನಿಮ್ಮ ಗಿರಣಿಯಲ್ಲಿ ಮಗ್ಗ ನಿಲ್ಲಿಸು ಎನ್ನಲು ಮಾಡುತ್ತಿದ್ದದ್ದೂ ಅದನ್ನೇ ಅಲ್ಲವೇ?

ಸರಿ, ನನ್ನ ತಪ್ಪೊಪ್ಪಿಗೆ ಆಯಿತು. ಈಗ ನೀನು ಹೇಳು. ಶೆಡ್ಡಿನಲ್ಲಿ ಹಾಸು ಏರಿಸಿ ಎಷ್ಟು ಕಾಲವಾಯಿತು? ಅದಿನ್ನೂ ಮುಗಿದಿಲ್ಲವೇ? ಹೆಗಲು ಮುಟ್ಟಿ ನೋಡಿಕೊಳ್ಳುವ ಸರದಿ ಈಗ ಯಾರದು?

ನಿನ್ನ ಮಗ


ಮಾರ್ಚ್ 22

ಮಗನೇ,

ಮುಟ್ಟಿ ನೋಡಿಕೊಂಡೆ. ಶೆಡ್ಡಿನ ಹಾಸು ಯಾವಾಗಲೋ ಮುಗಿಯಿತು.

ಬರಬೇಕೆಂದು ಎರಡು ಸಲ ಚೀಲ ತುಂಬಿದೆ. ಒಂದು ಸಲ ಬಸ್‌ಸ್ಟ್ಯಾಂಡಿನವರೆಗೂ ಹೋಗಿ ಬಂದೆ. ಚಿಕ್ಕಮ್ಮನನ್ನು ಕೇಳು ಬೇಕಾದರೆ. ಬಂದು ಏನು ಮಾಡಲಿ ಹೇಳು? ಅಜ್ಜಿ ಎಂದರೆ ಮಗು ಅತ್ತಾಗ ಎದ್ದು ಬರುವವಳು. ಅಲ್ಲಿ ಗಂಟೆ ಹೊಡೆದರೆ ಎಲ್ಲರೂ ಓಡಿಬರುತ್ತಾರೆ, ನಾನು ಗೋಡೆ ನೋಡಿಕೊಂಡು ಕೂತಿರುತ್ತೇನೆ. ಅವಳು ಕೆಮ್ಮಿದರೆ ಕೇಳದು, ಉಸಿರು ಸಿಕ್ಕಿಕೊಂಡರೆ ಕೇಳದು.

ನೀನು ಚಿಕ್ಕವನಿದ್ದಾಗಲೂ ನಿನ್ನ ಅಳು ನನಗೆ ಕೇಳುತ್ತಿರಲಿಲ್ಲ. ನಿನ್ನ ತೊಟ್ಟಿಲಿಗೆ ಗಿರಣಿಯ ದಾರ ಕಟ್ಟಿ, ಇನ್ನೊಂದು ತುದಿಯನ್ನು ನನ್ನ ಮಣಿಕಟ್ಟಿಗೆ ಸುತ್ತಿಕೊಂಡು ಮಲಗುತ್ತಿದ್ದೆ. ನೀನು ಕೈಕಾಲು ಬಡಿದರೆ ತೊಟ್ಟಿಲು ಅಲುಗಿ ದಾರ ಎಳೆಯುತ್ತಿತ್ತು, ಎಚ್ಚರವಾಗುತ್ತಿತ್ತು. ನೀನು ಗುಂಡುಕಲ್ಲಿನ ಹಾಗಿದ್ದೆ, ನಡೆಯಿತು. ಈ ಹುಡುಗಿಗೆ ತೊಟ್ಟಿಲು ಅಲುಗಿಸುವ ಶಕ್ತಿಯಾದರೂ ಎಲ್ಲಿದೆ? ದಾರ ಯಾವುದಕ್ಕೆ ಕಟ್ಟಲಿ?

ನೀವಿಬ್ಬರೂ ಇದ್ದೀರಿ, ಸಾಕು. ನನ್ನ ಹೆಸರಿನಲ್ಲಿ ಒಂದು ಸಲ ಅವಳ ಕಾಲು ಮುಟ್ಟು.

ಅಮ್ಮ


ಮಾರ್ಚ್ 27

ಅತ್ತೆ,

ನಿಮ್ಮ ಕಾಗದ ಓದಿ ನಿಮ್ಮ ಮಗ ಎದ್ದುಹೋದರು. ಅದಕ್ಕೇ ನಾನು ಬರೆಯುತ್ತಿದ್ದೇನೆ.

ನಿಮಗೆ ಒಂದು ವಿಷಯ ಹೇಳಿರಲಿಲ್ಲ. ಮೊದಲ ದಿನಗಳಲ್ಲಿ, ನಿಮ್ಮ ಮಗ ಸಿರಿಂಜು ಹಿಡಿಯುವ ಮುಂಚೆ, ಅವಳ ಗಂಟಲಿನಲ್ಲಿ ಉಸಿರಿನ ನಳಿಕೆಯೂ ಇತ್ತು. ಅದು ಇದ್ದಾಗ ಮಗು ಅತ್ತರೆ ದನಿ ಬರುವುದಿಲ್ಲ. ಬಾಯಿ ತೆರೆಯುತ್ತಾಳೆ, ಮುಖ ಕಿವುಚುತ್ತಾಳೆ, ಸದ್ದೇ ಇಲ್ಲ. ನಿಮ್ಮ ಮಗ ನನಗೆ ಹೇಳಿದ್ದು ಇದನ್ನೇ: ‘ಅವಳು ಅಳ್ತಾಳೆ ಕಣೇ, ನಂಗೆ ಕೇಳಲ್ಲ.’ ಆಗ ಆ ಕೋಣೆಯಲ್ಲಿ ಎಲ್ಲರೂ ಕಿವುಡರೇ ಅತ್ತೆ. ಸಿಸ್ಟರ್ ದಿನಾ ನಮಗೆ ಹೇಳುವುದೂ ಒಂದೇ: ಪೆಟ್ಟಿಗೆಯ ಗಂಟೆಗೆ ಕಾಯಬೇಡಿ, ಮಗುವಿನ ಮುಖ ನೋಡಿ. ನಮಗೆ ಅದನ್ನು ಕಲಿಯಲು ಇಷ್ಟು ದಿನ ಬೇಕಾಯಿತು.

ನಾನು ಈ ಮನೆಗೆ ಬಂದಾಗಿನಿಂದ ನೀವು ನನ್ನ ದನಿ ಒಂದು ಸಲವೂ ಕೇಳಿಲ್ಲ. ನಾನು ಬೇಡ ಎಂದರೆ ಬೇಕು ಎಂದು ನಿಮಗೆ ಮಾತ್ರ ಗೊತ್ತಾಗುತ್ತದೆ. ನಿಮಗೆ ಮಕ್ಕಳ ಭಾಷೆ ತಿಳಿಯುವುದಿಲ್ಲ ಎಂದರೆ ನಾನು ನಂಬುವುದಿಲ್ಲ.

ಮುಂದಿನ ಶನಿವಾರ ಡಾಕ್ಟರ ಮುಂದೆ ನಿಮ್ಮ ಮಗನ ಪರೀಕ್ಷೆ. ಮೊದಲಿಂದ ಕೊನೆಯವರೆಗೆ ಅವರೊಬ್ಬರೇ ಕುಡಿಸಬೇಕು. ಪಾಸಾದರೆ ಹೆಸರುಕಾಳು ನಳಿಕೆಯ ಸಮೇತ ಮನೆಗೆ. ಅವರು ನಿಮ್ಮನ್ನು ಇನ್ನೊಂದು ಸಲ ಕರೆಯುವುದಿಲ್ಲ, ನಿಮ್ಮಂತೆಯೇ ಹಟ. ನಾನು ಕರೆಯುತ್ತಿದ್ದೇನೆ. ಬನ್ನಿ.

ನಿಮ್ಮ ಸೊಸೆ


ಏಪ್ರಿಲ್ 12

ಮಗನೇ,

ಸುಖವಾಗಿ ಊರು ತಲುಪಿದೆ. ಚಿಕ್ಕಮ್ಮನಿಗೆ ಹೇಳಿದ್ದನ್ನೇ ಹೇಳಿ, ಬೀದಿಯವರಿಗೂ ಹೇಳಿ, ಇನ್ನೂ ಮುಗಿದಿಲ್ಲ. ಯಾರೂ ಸಿಗದಿದ್ದಾಗ ನಿನಗೇ ಬರೆಯೋಣ ಎಂದು ಕೂತೆ. ನೀನು ಅಲ್ಲೇ ಇದ್ದೆ, ಆದರೂ ಓದು.

ನಿನ್ನ ಪರೀಕ್ಷೆಯ ದಿನ ಆ ಒರಗು ಕುರ್ಚಿಯಲ್ಲಿ ಸೊಸೆ ಕೂರಬೇಕಿತ್ತು. ಅವಳು ನನ್ನನ್ನು ಕೂರಿಸಿದಳು. ನಾನು ಬೇಡ ಬೇಡ ಎಂದೆ. ನನ್ನದೂ ಮೊದಲ ಸಲದ ಬೇಡ ಎಂದು ಅವಳಿಗೆ ಗೊತ್ತಾಯಿತೋ ಏನೋ. ಮೊಣಕೈವರೆಗೂ ತೊಳೆಸಿ, ರವಿಕೆಯ ಗುಂಡಿ ಬಿಚ್ಚಿಸಿ, ಸಿಸ್ಟರ್ ಮಗುವನ್ನು ನನ್ನ ಎದೆಯ ಮೇಲಿಟ್ಟರು. ತೂಕವೇ ಇಲ್ಲ, ಬಿಸಿ ಮಾತ್ರ ಇದೆ. ನೀನು ಡಾಕ್ಟರ ಮುಂದೆ ನಿಂತು ತೊಟ್ಟು ಎಳೆದು ಕಾಗದಕ್ಕೆ ತಾಗಿಸಿದೆ, ಬಣ್ಣ ತೋರಿಸಿದೆ, ಕೊಳವೆ ಸಿಕ್ಕಿಸಿದೆ. ನಿನ್ನ ಕಿವಿ ಕೆಂಪಗಾಗಿತ್ತು. ಶಾಲೆಯಲ್ಲಿ ಮಗ್ಗಿ ಒಪ್ಪಿಸುವಾಗಲೂ ಹಾಗೇ ಆಗುತ್ತಿತ್ತು.

ಅರ್ಧ ಹಾಲು ಇಳಿದಿರಬಹುದು, ಅವಳ ಕೈ ಗಲ್ಲದ ಕೆಳಗಿನಿಂದ ಹೊರಗೆ ಬಂತು. ಐದೂ ಬೆರಳು ಬಿಡಿಸಿದಳು. ನನ್ನ ಕೈ ತಾನಾಗಿಯೇ ಮೇಲೆದ್ದಿತು, ನಲವತ್ತು ವರ್ಷದ ಅಭ್ಯಾಸ. ನೀನೂ ಆಗಲೇ ಕೊಳವೆ ಇಳಿಸಿದ್ದೆ. ನನ್ನ ಕೈ ನೋಡಿ ಇಳಿಸಿದೆಯೋ ಅವಳ ಕೈ ನೋಡಿಯೋ ಗೊತ್ತಿಲ್ಲ, ಅವಳದೇ ಆಗಿರಲಿ. ಬೆರಳು ಮತ್ತೆ ಮಡಿಚಿತು. ನೀನು ಸ್ವಲ್ಪ ಸ್ವಲ್ಪವಾಗಿ ಮೇಲೆತ್ತಿದೆ. ಡಾಕ್ಟರು ತಲೆಯಾಡಿಸಿದರು.

ಆಮೇಲೆ ಸಿಸ್ಟರ್ ನಳಿಕೆ ಅಂಟಿಸಿದ್ದ ಕೆನ್ನೆಯ ಪ್ಲಾಸ್ಟರು ಬದಲಾಯಿಸಲು ಎಳೆದರಲ್ಲ, ಅವಳಿಗೆ ಸಿಟ್ಟು ಬಂತು. ಅತ್ತಳು. ಆಗ ನನಗೆ ಆದದ್ದನ್ನು ನಾನು ಅಲ್ಲಿ ಯಾರಿಗೂ ಹೇಳಲಿಲ್ಲ, ಹೇಳಿದರೆ ಅಳು ಬರುತ್ತಿತ್ತು. ಎದೆಯ ಮೂಳೆಯಲ್ಲಿ ಜುಂ ಎಂದಿತು ಕಣೋ. ಓಡುತ್ತಿರುವ ಮಗ್ಗದ ಚೌಕಟ್ಟಿಗೆ ಕೈ ಇಟ್ಟ ಹಾಗೆ. ಶುರುವಾದದ್ದು ಗೊತ್ತಾಯಿತು, ನಡುವೆ ಬಿಕ್ಕಿದ್ದು ಗೊತ್ತಾಯಿತು, ನಿಂತದ್ದು ಗೊತ್ತಾಯಿತು. ನನ್ನ ಮಗ ಅತ್ತದ್ದು ನಾನು ಕೇಳಲಿಲ್ಲ, ಮೊಮ್ಮಗಳು ಅತ್ತದ್ದು ಕೇಳಿದೆ.

ಮನೆಗೆ ಕರೆತಂದ ಮೇಲೆ ನಾನು ನಾಲ್ಕು ದಿನ ಇದ್ದೆ. ಶೆಡ್ಡಿಗೆ ಹೇಳಿ ಲೆಕ್ಕ ಮುಗಿಸಿ ಬರುತ್ತೇನೆ ಎಂದಿದ್ದೇನೆ, ಬರುತ್ತೇನೆ. ಈ ಸಲ ಚೀಲ ಬಸ್‌ಸ್ಟ್ಯಾಂಡಿನಿಂದ ಹಿಂದಿರುಗುವುದಿಲ್ಲ. ಸೊಸೆ ನನಗೂ ಕೊಳವೆ ಹಿಡಿಯಲು ಕಲಿಸುತ್ತಾಳಂತೆ. ಹಗಲು ಹೊತ್ತು ನಾನು, ಎದೆಯ ಮೇಲೆ ಮಲಗಿಸಿಕೊಂಡೇ.

ಒಂದು ಮಾತ್ರ ಮನಸ್ಸಿನಲ್ಲಿ ಕೊರೆಯುತ್ತಿದೆ. ಅವಳು ಅಳು ನಿಲ್ಲಿಸುವ ಮುಂಚೆ ನೀನು ಬಗ್ಗಿ ಅವಳ ಕಿವಿಯಲ್ಲಿ ಏನೋ ಹೇಳಿದೆ. ಸಣ್ಣ ಮಾತಲ್ಲ, ಉದ್ದಕ್ಕೆ ಹೇಳಿದೆ. ಗಿರಣಿಯ ಆ ತುದಿಯಲ್ಲಿ ನಿಂತವರ ತುಟಿ ಓದಿದವಳು ನಾನು, ಆದರೆ ಅವಳ ತಲೆ ಅಡ್ಡ ಬಂತು, ನಿನ್ನ ಬಾಯಿ ಕಾಣಲಿಲ್ಲ. ಸೊಸೆಯನ್ನು ಕೇಳಿದೆ, ತನಗೂ ಕೇಳಲಿಲ್ಲ ಎಂದಳು. ಅಷ್ಟು ಮೆಲ್ಲಗಿತ್ತಂತೆ. ನೀನು! ಅಷ್ಟು ಮೆಲ್ಲಗೆ! ನನ್ನ ಮುಂದೆಯೇ ನನಗೆ ಗೊತ್ತಾಗದ ಹಾಗೆ ನೀನು ಮಾತಾಡಿದ್ದು ಹುಟ್ಟಿದಾಗಿನಿಂದ ಇದೇ ಮೊದಲು. ಏನು ಹೇಳಿದೆ? ಬರೆ.

ಅಮ್ಮ


ಏಪ್ರಿಲ್ 18

ಅಮ್ಮಾ,

ಇಲ್ಲಿ ಎಲ್ಲರೂ ಕ್ಷೇಮ. ಹೆಸರುಕಾಳು ನಿನ್ನೆ ಮೂರು ಗುಟುಕು ಬಾಯಿಂದಲೇ ಕುಡಿದಳು, ಉಳಿದದ್ದು ನಳಿಕೆಯಲ್ಲಿ. ಸಿಸ್ಟರ್ ಬಂದು ನೋಡಿ ಅವಸರ ಬೇಡ ಎಂದರು. ನಿನ್ನ ಸೊಸೆ ಬೆಳಗ್ಗೆ ಮಲಗಿರುತ್ತಾಳೆ, ಮಂಡಿಗೆ ಹೋಗುವ ಮುಂಚಿನ ಹಾಲು ನನ್ನದು. ಅದು ಮುಗಿಸಿ ಹೋಗಿ ನಿಂತರೆ ಕೂಗಲು ಒಂದು ಗಳಿಗೆ ಬೇಕಾಗುತ್ತದೆ, ದನಿ ಎಲ್ಲಿತ್ತೆಂದು ಹುಡುಕಬೇಕು.

ನಾನು ಅವಳಿಗೆ ಹೇಳಿದ್ದನ್ನು ಬರೆಯಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಹೇಳಿದ್ದು ಇಷ್ಟು:

‘ಇವಳು ನನ್ನಮ್ಮ ಕಣೇ. ಇವಳ ಹತ್ತಿರ ನಾನು ಎಲ್ಲಾನೂ ಕೂಗೇ ಹೇಳಿದ್ದು. ಊಟ ಆಯ್ತಾ ಅಂತ ಕೂಗಿದೀನಿ, ಜ್ವರ ಬಂದಿದೆ ಅಂತ ಕೂಗಿದೀನಿ, ಹೋಗ್ಬರ್ತೀನಿ ಅಂತ ಕೂಗಿದೀನಿ. ಕೂಗಿ ಹೇಳೋಕಾಗದೇ ಇರೋ ಮಾತು ಕೆಲವು ಇವೆ. ಅವೆಲ್ಲ ಹಾಗೇ ಉಳ್ಕೊಂಡಿವೆ. ಅವನ್ನ ದಿನಾ ಒಂದೊಂದಾಗಿ ನಿನಗೆ ಹೇಳ್ತೀನಿ. ನೀನು ಅವಳ ಎದೆ ಮೇಲೆ ಮಲಗಿದಾಗ ಮುಟ್ಟಿಸಿಬಿಡು.’

ಬೇಗ ಬಾ.

ನಿನ್ನ ಮಗ